ಮದ್ದಿನ ಮಾತುಗಳು

ಕನ್ನಡದಲ್ಲಿ 'ಮದ್ದು' ಎಂಬ ಶಬ್ದವು ಬಹು ಪ್ರಾಚೀನವಾದುದು. ಹಳಗನ್ನಡದಲ್ಲಿ ಇದರ ರೂಪವು 'ಮರ್ದು' ಎಂದಿದ್ದಿತು. ತಮಿಳಿನ 'ಮರುಂದು', ಮಲೆಯಾಳದ 'ಮರುನ್ನು', ತೆಲುಗಿನ 'ಮಂದು' ಇವೆಲ್ಲವೂ ಒಂದೇ ಬೇರಿನಿಂದ ಒಡೆದ ಚಿಗುರುಗಳು. ರೋಗಿಗೆ ಕುಡಿಸುವುದೂ ಮದ್ದು, ಕೋವಿಯಲ್ಲಿ ತುಂಬುವುದೂ ಮದ್ದು. ಹಗೆಯವರು ಅನ್ನದಲ್ಲಿ ಬೆರಸಿಕೊಟ್ಟರೆಂದು ಹಳ್ಳಿಯ ಜನರು ಶಂಕಿಸುವುದೂ ಮದ್ದೇ. ಶ್ರೀರಂಗಪಟ್ಟಣದ 'ಮದ್ದಿನ ಮನೆ'ಯನ್ನು ಚಿಕಿತ್ಸಾಲಯವೆಂದು ಭ್ರಮಿಸಿ ಹೋದವನಿಗೆ ಅಲ್ಲಿ ಕಾಣುವುದು ಟೀಪುವಿನ ಕಾಲದ ಸಿಡಿಮದ್ದಿನ ಉಗ್ರಾಣ. ಆದರೂ ಈ ಅರ್ಥಗಳು ಪರಸ್ಪರ ಅಷ್ಟೊಂದು ದೂರದವಲ್ಲ. ಗಂಧಕವೂ ಪೆಟ್ಲುಪ್ಪೂ ಕೋವಿಯ ಬಳಿಗೆ ಹೋಗುವ ಮೊದಲೇ ವೈದ್ಯನ ಪೆಟ್ಟಿಗೆಯಲ್ಲಿ ಇದ್ದಂಥವು.

ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. ಚಾಳುಕ್ಯವಂಶದ ಕೀರ್ತಿವರ್ಮನು 12ನೆಯ ಶತಮಾನದಲ್ಲಿ 'ಗೋವೈದ್ಯ'ವನ್ನು ಬರೆದನು. ಅದೇ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದನು; ಮದ್ಯ ಮಾಂಸ ಮಧುಗಳನ್ನು ವರ್ಜಿಸಿದ ಚಿಕಿತ್ಸೆಯು ಅದರ ವೈಶಿಷ್ಟ್ಯ. ವಿಜಯನಗರದ ಆರಂಭಕಾಲದಲ್ಲಿ, ಎಂದರೆ ಸುಮಾರು 1360ರಲ್ಲಿ, ಮಂಗರಾಜನು 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯಗ್ರಂಥವನ್ನು ಹದಿನಾರು ಅಧಿಕಾರಗಳಲ್ಲಿ ರಚಿಸಿದನು. ಇಂತಹ ಗ್ರಂಥಗಳನ್ನು ಕಾವ್ಯವೆಂದು ಓದುವವನು ಶಬ್ದಾರ್ಥದಲ್ಲಿ ತಪ್ಪಿದರೆ ರಸಭಂಗವಾದೀತು. ವೈದ್ಯವೆಂದು ಓದಿ ತಪ್ಪಿದರೆ ರೋಗಿಯ ಪ್ರಾಣಕ್ಕೇ ಸಂಚಕಾರ. ಏಕೆಂದರೆ ಗ್ರಂಥದ ಅಕ್ಷರವು ನಿಂತಲ್ಲಿಯೇ ನಿಂತಿದೆ, ಆದರೆ ಶಬ್ದದ ಅರ್ಥವು ಊರು ಬಿಟ್ಟು ಊರಿಗೆ ಹೋಗಿದೆ.

'ಮಾತ್ರೆ'ಯನ್ನು ನೋಡಬಹುದು. ಛಂದಸ್ಸಿನಲ್ಲಿ ಅದು ಕಾಲದ ಅಳತೆ. ವೈದ್ಯದಲ್ಲಿ ಔಷಧದ ಅಳತೆ, ಎಂದರೆ ಒಂದು ಸಲಕ್ಕೆ ಕೊಡತಕ್ಕ ಪ್ರಮಾಣ. ಕಾಲಕ್ರಮದಲ್ಲಿ ಅಳತೆಯ ಹೆಸರೇ ಅಳೆದ ವಸ್ತುವಿಗೆ ಬಂದು, ಗುಳಿಗೆಯೇ ಮಾತ್ರೆಯಾಯಿತು. ಹಳೆಯ ಓಲೆಯಲ್ಲಿ 'ಅರ್ಧಮಾತ್ರೆ' ಎಂದಿದ್ದರೆ ಗುಳಿಗೆಯನ್ನು ಮುರಿದು ಕೊಡಬೇಕೆಂದು ತಿಳಿಯುವುದು ಪ್ರಮಾದ. 'ಕಷಾಯ'ವು ಮೂಲತಃ ಷಡ್ರಸಗಳಲ್ಲಿ ಒಂದಾದ ಒಗರು. ಈಗ ಅದು ಕುದಿಸಿ ಬತ್ತಿಸಿದ ನೀರು. 'ಲೇಹ್ಯ'ವೊಂದು ಮಾತ್ರ ತನ್ನ ಅರ್ಥವನ್ನು ಬಿಡಲಿಲ್ಲ. ನೆಕ್ಕತಕ್ಕದ್ದು ಇಂದಿಗೂ ನೆಕ್ಕತಕ್ಕದ್ದಾಗಿಯೇ ಉಳಿದಿದೆ. ಕಣ್ಣಿನ ರೋಗಕ್ಕೆ ಹಚ್ಚುತ್ತಿದ್ದ 'ಅಂಜನ'ವಂತೂ ಕಳವಾದ ಒಡವೆಯನ್ನು ಹುಡುಕುವ ಮಂತ್ರವಾದಿಯ ಕೈಗೂ ಸೇರಿತು.

ಎಲ್ಲಕ್ಕಿಂತ ವಿಚಿತ್ರವಾದುದು 'ನಸ್ಯ'ದ ಗತಿ. ಆಯುರ್ವೇದದ ಪಂಚಕರ್ಮಗಳಲ್ಲಿ ಅದು ಒಂದು. ತೈಲವನ್ನೋ ಚೂರ್ಣವನ್ನೋ ಮೂಗಿನ ದಾರಿಯಿಂದ ಶಿರಸ್ಸಿಗೆ ಮುಟ್ಟಿಸುವ ಕ್ರಮ. ಅಮೆರಿಕೆಯ ಹೊಗೆಸೊಪ್ಪನ್ನು ಪೋರ್ಚುಗೀಸರು ಈ ದೇಶಕ್ಕೆ ತಂದರು. ಸುಮಾರು 1604ರಲ್ಲಿ ಅಸದ ಬೇಗನೆಂಬ ರಾಯಭಾರಿಯು ಅದನ್ನು ನಮ್ಮ ವಿಜಾಪುರದಲ್ಲಿ ಕಂಡು, ಅಕ್ಬರನ ಆಸ್ಥಾನಕ್ಕೆ ಕೊಂಡೊಯ್ದನು. ತಮ್ಮ ಗ್ರಂಥಗಳಲ್ಲಿ ಉಲ್ಲೇಖವಿಲ್ಲದ ವಸ್ತುವನ್ನು ದೊರೆಯು ಸೇವಿಸಬಾರದೆಂದು ಅಲ್ಲಿಯ ವೈದ್ಯರು ತಡೆದರು. ಅವರ ಮಾತು ನಡೆಯಲಿಲ್ಲ. ಮುಂದೆ ಅದೇ ಸೊಪ್ಪಿನ ಪುಡಿಯು ಡಬ್ಬಿಯಲ್ಲಿ ಕುಳಿತು 'ನಶ್ಯ'ವೆಂಬ ವೈದ್ಯದ ಹೆಸರನ್ನೇ ಅಪಹರಿಸಿತು.

ಮೆಣಸಿನಕಾಯಿಯೂ ಹಾಗೆಯೇ ಸಮುದ್ರ ದಾಟಿ ಬಂದುದು. ಅದು ಬಂದ ಮೇಲೆ, ಮೊದಲು ಬರಿಯ 'ಮೆಣಸು' ಎನಿಸಿದ್ದುದು ತನ್ನ ಸ್ವಂತ ನಾಡಿನಲ್ಲಿಯೇ 'ಕರಿಮೆಣಸು', 'ಒಳ್ಳೆಮೆಣಸು' ಎಂದು ವಿಶೇಷಣವನ್ನು ಹೊತ್ತುಕೊಳ್ಳಬೇಕಾಯಿತು. ಮಂಗರಾಜನ ಕಾಲದ ಓಲೆಯಲ್ಲಿ ಮೆಣಸು ಎಂದರೆ ಕರಿಮೆಣಸಲ್ಲದೆ ಬೇರೆಯಲ್ಲ. ಹಿಪ್ಪಲಿ, ಶುಂಠಿಗಳ ಜತೆಗೂಡಿ ತ್ರಿಕಟುವಾಗುವುದು ಅದೇ.

ಹೆಸರೇ ಮೋಸಮಾಡುವುದೂ ಉಂಟು. 'ಅತಿವಿಷ'ವೆಂಬ ಬೇರಿನ ಹೆಸರನ್ನು ಕೇಳಿದರೆ ಎದೆ ನಡುಗುವುದು. ಆದರೆ ಅದು ಮಕ್ಕಳ ಜ್ವರಾತಿಸಾರಗಳಿಗೆ ತೇದುಕೊಡುವ ಸಾಧುವಾದ ಮದ್ದು, ಗ್ರಂಧಿಗೆ ಅಂಗಡಿಯವರ ಅತಿಬಜೆ. ಅದರ ಕುಲಕ್ಕೇ ಸೇರಿದ, ಅದರಂತೆಯೇ ಹಿಮಾಲಯದಿಂದ ಬರುವ 'ವತ್ಸನಾಭಿ'ಗೆ ಕರುವಿನ ಹೊಕ್ಕುಳೆಂಬ ಮುದ್ದಾದ ಹೆಸರು, ಅದೋ ಘೋರವಿಷ. ಗೋಮೂತ್ರದಲ್ಲಿ ನೆನೆಯಿಸಿ ಶೋಧಿಸಿದ ಹೊರತು ವೈದ್ಯನು ಅದನ್ನು ಮುಟ್ಟನು. 'ರಸಕರ್ಪೂರ'ದಲ್ಲಿ ಕರ್ಪೂರದ ಲೇಶವೂ ಇಲ್ಲ. ಅಲ್ಲಿಯ 'ರಸ'ವು ಹಣ್ಣಿನ ರಸವಲ್ಲ, ಪಾರದ. ಪಾಯಸಕ್ಕೆ ಹಾಕುವ ಪಚ್ಚಕರ್ಪೂರದ ನೆನಪಿನಿಂದ ಅದನ್ನು ನಾಲಗೆಗೆ ಇಟ್ಟವನ ಅವಸ್ಥೆಯನ್ನು ವರ್ಣಿಸಬೇಕಾಗಿಲ್ಲ.

'ಬ್ರಾಹ್ಮಿ'ಯ ವ್ಯಾಜ್ಯವು ಇಷ್ಟು ಭಯಂಕರವಲ್ಲ, ಆದರೆ ಇನ್ನೂ ಮುಗಿದಿಲ್ಲ. ನೀರಿನ ಅಂಚಿನಲ್ಲಿ ಹರಡುವ, ಸಣ್ಣ ದಪ್ಪ ಎಲೆಯ ಗಿಡವೊಂದನ್ನು ಕೆಲವರು ಬ್ರಾಹ್ಮಿಯೆನ್ನುವರು. ಗದ್ದೆಯ ಬದುವಿನಲ್ಲಿ ದುಂಡು ಎಲೆ ಬಿಡುವ ಬೇರೊಂದನ್ನು ಮತ್ತೆ ಕೆಲವರು. ಎರಡೂ ಬುದ್ಧಿವರ್ಧಕವೆಂದೇ ಪ್ರಸಿದ್ಧವಾಗಿ, ಎರಡರ ಗುಣಗಳೂ ಒಂದೇ ಹೆಸರಿನ ಕೆಳಗೆ ಬೆರೆತುಹೋಗಿವೆ. ಎರಡನೆಯದನ್ನು ಮಲೆನಾಡಿನ ಅಜ್ಜಿಯರು 'ಒಂದೆಲಗ' ಎಂದು ಕರೆದು ತಂಬುಳಿ ಮಾಡುವರು. ದಂಟಿಗೆ ಒಂದೇ ಎಲೆ. ಆ ಹೆಸರನ್ನು ಹಿಡಿದು ಹೊರಟ ಮೊಮ್ಮಗಳೂ ಬೇರೆ ಗಿಡವನ್ನು ಕಿತ್ತು ತರಲಾರಳು.