ಸುಂಕೇನಹಳ್ಳಿಯ ದೊಡ್ಡಬಸವಣ್ಣ

ಬೆಂಗಳೂರಿನ ದಕ್ಷಿಣಭಾಗದಲ್ಲಿ ಇಂದು ಬಸವನಗುಡಿಯೆಂದು ಹೆಸರಾಂತಿರುವ ಬಡಾವಣೆಯ ಬೀದಿಗಳನ್ನು ಗುರುತು ಹಾಕುವುದಕ್ಕೆ ಬಹಳ ಹಿಂದೆಯೇ, ಕೋಟೆ ಪೇಟೆಗಳ ಗದ್ದಲದಿಂದ ದೂರವಾಗಿ, ಹೊಲಗಳ ನಡುವಣ ಬಂಡೆದಿಣ್ಣೆಯ ಮಗ್ಗುಲಲ್ಲಿ ಸುಂಕೇನಹಳ್ಳಿಯೆಂಬ ಗ್ರಾಮವೊಂದಿದ್ದಿತು. 1537ರಲ್ಲಿ ಬೆಂಗಳೂರನ್ನು ಕಟ್ಟಿಸಿದನೆಂದು ಖ್ಯಾತನಾದ ಹಿರಿಯ ಕೆಂಪೇಗೌಡನೇ ಈ ಗ್ರಾಮದ ಬಸವನಿಗೂ ಗುಡಿಯನ್ನು ಎತ್ತಿಸಿದನೆಂಬುದು ಪರಂಪರಾಗತವಾದ ನಂಬಿಕೆ. ಆದರೆ ದೊಡ್ಡಬಸವಣ್ಣನು ಮೊದಲಿಗೆ ಅರಸನ ದೇವರಲ್ಲ, ನಗರದ ದೇವರೂ ಅಲ್ಲ. ನೇಗಿಲು ಹಿಡಿದವರ ದೇವರು. 1898ರ ಪ್ಲೇಗಿನ ಮಹಾಮಾರಿಯು ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಮನೆಮನೆಯನ್ನೂ ಹೊಕ್ಕು, ಬದುಕುಳಿದವರು ಗಾಳಿ ಬೆಳಕುಗಳುಳ್ಳ ಬಯಲನ್ನು ಅರಸಿ ಹೊರಟಾಗ, ನಗರವೇ ಬಸವನ ಬಳಿಗೆ ನಡೆದುಬಂದು ಅವನ ಹೆಸರನ್ನು ತನ್ನದಾಗಿ ಮಾಡಿಕೊಂಡಿತು. ಉತ್ತರದಲ್ಲಿ ಮಲ್ಲೇಶ್ವರದ ಕಥೆಯೂ ಇಂಥದೇ: ಶಿವಾಜಿಯ ಮಲಸಹೋದರನಾದ ಏಕೋಜಿಯು 1669ರಲ್ಲಿ ಮಲ್ಲಪುರದ ಮಲ್ಲಿಕಾರ್ಜುನನಿಗೆ ದತ್ತಿ ಬಿಟ್ಟುದನ್ನು ಅಲ್ಲಿಯ ಶಿಲಾಶಾಸನ ಹೇಳುತ್ತದೆ, ಆ ಮಲ್ಲಪುರವೂ ಬಡಾವಣೆಯಲ್ಲಿ ಕರಗಿಹೋಯಿತು.

ಸಾಮಾನ್ಯವಾಗಿ ಶಿವಾಲಯದಲ್ಲಿ ನಂದಿಯ ಸ್ಥಾನ ಹೊರಗೆ. ಲಿಂಗಾಭಿಮುಖನಾಗಿ, ಸ್ವಾಮಿಯ ಅಪ್ಪಣೆಯನ್ನು ಕಾಯುತ್ತಿರುವ ಸೇವಕನಂತೆ ಅವನು ಕುಳಿತಿರುತ್ತಾನೆ. ಇಲ್ಲಿಯಾದರೋ ಗರ್ಭಗೃಹವೇ ಅವನದು, ಪ್ರಧಾನ ಪೂಜೆಯೂ ಅವನಿಗೇ. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದದ ಈ ಬಸವನು ಏಕಶಿಲೆಯಲ್ಲಿ ಮೂಡಿದವನು. ಗುಡಿಯ ಸುತ್ತಲಿನ ಬಂಡೆಗಳು ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಪುರಾತನವೆಂದು ಭೂವಿಜ್ಞಾನಿಗಳು ಹೇಳುವ ಶಿಲೆಯವು. ಅದನ್ನು ತಿಳಿದು ನೋಡಿದಾಗ ಶಿಲ್ಪಿಯ ಕೈಗೆ ಒಲಿದ ಕಲ್ಲಿನ ಮೇಲೆ ಬೇರೊಂದು ಬಗೆಯ ಗೌರವ ಹುಟ್ಟುತ್ತದೆ. ಕಲ್ಲಿನ ಸಹಜವರ್ಣ ಬೂದಿಯದಾದರೂ, ತಲೆತಲಾಂತರದಿಂದ ಬಳಿದ ಎಣ್ಣೆ ಇದ್ದಿಲುಗಳಿಂದ ಮೈಯೆಲ್ಲ ಕಾಡಿಗೆಯಂತೆ ಕಪ್ಪಾಗಿ, ದೀಪದ ಬೆಳಕು ಬಿದ್ದೆಡೆ ಮಿರುಗುತ್ತದೆ. ಎದುರಿನಿಂದ ಕೈಮುಗಿದು ಹಿಂದಿರುಗುವವರು ಅರ್ಧವನ್ನೇ ಕಂಡಂತೆ. ಪ್ರದಕ್ಷಿಣೆ ಬಂದು, ಹಿಂಬದಿಯ ತುಂಬಿದ ಮೈಕಟ್ಟನ್ನೂ ಮಡಿಸಿದ ಕಾಲುಗಳ ಭಾರವನ್ನೂ ನೋಡಿದವರಿಗೆ, ಹಟ್ಟಿಯಲ್ಲಿ ಮೆಲುಕು ಹಾಕುವ ಎತ್ತುಗಳನ್ನು ದಿನವೂ ಕಂಡ ಕಣ್ಣೇ ಇದನ್ನು ಕಡೆಯಿಸಿತೆಂಬುದು ಮನದಟ್ಟಾಗುತ್ತದೆ. ಶೈವಮೂರ್ತಿಗಳಿಂದ ಕೂಡಿದ ಗೋಪುರವು 20ನೆಯ ಶತಮಾನದ್ದು. ಅದರ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಈ ಬಸವನ ಪಾದದಲ್ಲಿಯೇ ವೃಷಭಾವತಿಯು ಉದಿಸಿತೆಂದು ಹಿರಿಯರು ನಂಬಿದ್ದರು. ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುವ ಆ ಹೊಳೆ ಇಂದು ನಗರದ ಕೊಚ್ಚೆಯನ್ನು ಹೊತ್ತು ಹರಿಯುತ್ತಿರುವುದನ್ನು ನೆನೆದರೆ ಎದೆ ನೋಯುತ್ತದೆ.

ಸ್ಥಳಪುರಾಣವು ಎಲ್ಲರೂ ಬಲ್ಲದ್ದು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರು ಬೆಳೆದ ಕಡಲೆಕಾಯನ್ನು ಒಂದು ಗೂಳಿಯು ನಿತ್ಯವೂ ಮೇದುಹೋಗುತ್ತಿರಲು, ಕಾದು ಕುಳಿತ ರೈತನೊಬ್ಬನು ಕೋಪದಿಂದ ದೊಣ್ಣೆಯೇಟು ಕೊಟ್ಟನಂತೆ. ಗೂಳಿ ಅಲ್ಲಿಯೇ ಕಲ್ಲಾಯಿತಂತೆ. ಆಮೇಲೆ ಕಲ್ಲು ಬೆಳೆಯತೊಡಗಿದುದನ್ನು ಕಂಡು ಬೆದರಿದ ಜನ ಶಿವನನ್ನು ಮೊರೆಹೊಕ್ಕು, ಅದರ ಹಣೆಯಲ್ಲಿ ತ್ರಿಶೂಲವನ್ನು ನೆಟ್ಟು ನಿಲ್ಲಿಸಿದರಂತೆ. ಆದರೆ ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಯೂರೋಪಿನ ನಾವಿಕರು ಆ ಖಂಡವನ್ನು ಮುಟ್ಟಿದ ತರುವಾಯವಷ್ಟೇ ಅದು ಸಮುದ್ರ ದಾಟಿ ಬಂದದ್ದು. ನಮ್ಮ ದೇಶದಲ್ಲಿ ಹೊಲಹೊಲಗಳನ್ನು ತುಂಬಿದ್ದು 19ನೆಯ ಶತಮಾನದಲ್ಲಿ. ಆದುದರಿಂದ ಬಸವನು ಹಳಬ, ಕಥೆಯಲ್ಲಿಯ ಬೆಳೆ ಹೊಸದು ಎಂದು ನನಗೆ ತೋರುತ್ತದೆ. ಮೊದಲ ಕಥೆಯ ಗೂಳಿಯು ರಾಗಿಯನ್ನೋ ಅವರೆಯನ್ನೋ ಮೇದಿದ್ದಿರಬಹುದು. ಹೀಗೆ ಹೇಳುವುದರಿಂದ ಪುರಾಣಕ್ಕೆ ಕುಂದುಂಟಾಗದು. ತಮ್ಮ ಬದುಕನ್ನು ಹೊರುವ ಬೆಳೆ ಯಾವುದೋ ಅದನ್ನೇ ದೇವರ ಕಥೆಯೊಳಗೆ ಬಿತ್ತಿಕೊಂಡ ರೈತರ ಭಕ್ತಿ ಇದರಿಂದ ಹೆಚ್ಚು ಸ್ಪಷ್ಟವಾಗುತ್ತದೆ.

ಆ ಭಕ್ತಿಯ ಪ್ರತ್ಯಕ್ಷರೂಪವೇ ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ. ಮುಂಗಾರಿನಲ್ಲಿ ಬಿತ್ತಿದ ಬೆಳೆ ಕಿತ್ತು, ಬಿಡಿಸಿ, ಒಣಗಿ ಮಾರಾಟಕ್ಕೆ ಸಿದ್ಧವಾಗುವ ಹೊತ್ತಿಗೆ ಕಾರ್ತಿಕದ ಸೋಮವಾರಗಳು ಬರುತ್ತವೆ. ಶಿವನಿಗೆ ಪ್ರಿಯವಾದ ವಾರವೂ ರೈತನ ಕೈ ತುಂಬುವ ವಾರವೂ ಒಂದಾಗುವುದು ಹೀಗೆ. ಮಾಗಡಿ, ಕೋಲಾರ, ಚಿಂತಾಮಣಿ, ತುಮಕೂರುಗಳ ಕಡೆಯಿಂದಲೂ ನೆರೆಯ ಆಂಧ್ರ, ತಮಿಳುನಾಡುಗಳಿಂದಲೂ ಮೂಟೆಗಳು ಬಂದಿಳಿಯುತ್ತವೆ. ಹೊಸ ಫಸಲು ಮೊದಲು ಬಸವನಿಗೆ ಅರ್ಪಿತವಾಗುತ್ತದೆ. ಪಕ್ಕದ ಗುಡಿಯ ದೊಡ್ಡ ಗಣಪತಿಗೂ ಅಂದು ಭಕ್ತರ ಸಾಲು ತಪ್ಪದು. ಹೊರಗೆ ಬೀದಿಯ ಎರಡೂ ಬದಿಯಲ್ಲಿ ಗೋಣಿತಾಟಿನ ಮೇಲೆ ರಾಶಿಗಳು: ಮಣ್ಣಿನ ವಾಸನೆ ಆರದ ಹಸಿಕಾಯಿ, ದೊಡ್ಡ ಪಾತ್ರೆಯಲ್ಲಿ ಉಪ್ಪು ಹಾಕಿ ಬೇಯಿಸಿದ್ದು, ಬಿಸಿಮರಳಿನಲ್ಲಿ ಹುರಿದು ಸಿಪ್ಪೆಯ ಮೇಲೆ ಕರಿಚುಕ್ಕೆ ಬಿದ್ದದ್ದು. ಜೊತೆಗೆ ಕಡಲೆಪುರಿ, ಬೆಂಡು ಬತ್ತಾಸು, ಗಾಜಿನ ಬಳೆ, ಮಕ್ಕಳ ಪೀಪಿ. ಮಾರುವಾಕೆ ಸೇರನ್ನು ಗೋಪುರವಾಗಿ ತುಂಬಿ ಸೆರಗಿಗೋ ಚೀಲಕ್ಕೋ ಸುರಿದು, ಕೊಳ್ಳುವವಳು ಕೇಳುವ ಮುನ್ನವೇ ಒಂದು ಹಿಡಿ ಕೊಸರು ಹಾಕುತ್ತಾಳೆ. ಬಾಯಿಮಾತಿಗೆ ಬೆಲೆ ಇಳಿಸದವಳೂ ಕೊಸರಿನಲ್ಲಿ ಕೈ ಹಿಂದೆಗೆಯಳು. ಒಂದು ದಿನದ ಪರಿಷೆ ಈಗ ಹಿಂದುಮುಂದಿನ ದಿನಗಳಿಗೂ ಹಬ್ಬಿ, ಕಡಲೆಕಾಯಿಗಿಂತ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗಳಿಗೆ ಹೆಚ್ಚು ಜಾಗ ಹೋಗುತ್ತಿದೆಯೆಂಬ ಕೊರಗು ನನ್ನದೂ ಹೌದು. ಆದರೂ ಸುಂಕೇನಹಳ್ಳಿಯ ಹೊಲಗಳೆಲ್ಲ ಮನೆಗಳಾದ ಮೇಲೆ ದೂರದೂರದ ರೈತರು ಬಂದು ಆ ಊರಿನ ಹರಕೆಯನ್ನು ಸಲ್ಲಿಸುತ್ತಿದ್ದಾರೆ. ಮೂಟೆ ಬಿಚ್ಚುವುದಕ್ಕೆ ಮೊದಲು ಒಂದು ಬೊಗಸೆ ಕಾಯನ್ನು ಬಸವಣ್ಣನಿಗೆಂದು ಎತ್ತಿಡುವವರು ಅವರಲ್ಲಿ ಇನ್ನೂ ಇದ್ದಾರೆ.