ಕ್ರಾಂತಿಯ ಪಾಠದಲ್ಲಿ ಕಾಣೆಯಾದ ಹೈಟಿ

ಹೈಸ್ಕೂಲಿನಲ್ಲಿ ಫ್ರಾನ್ಸಿನ ಮಹಾಕ್ರಾಂತಿಯನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. 1789, ಬ್ಯಾಸ್ಟಿಲ್ ಕೋಟೆ, ರೂಸೋ, ಸ್ವಾತಂತ್ರ್ಯ, ಸಮಾನತೆ, ಸಹೋದರತೆ. ಬರೆದೆವು, ಪಾಸಾದೆವು, ಮರೆತೆವು. ಆ ಕ್ರಾಂತಿ ಸಾರಿದ 'ಮನುಷ್ಯನ ಹಕ್ಕು'ಗಳಲ್ಲಿ ಮನುಷ್ಯ ಅಂದ್ರೆ ಯಾರು ಅಂತ ಯಾವ ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ನಮ್ಮ ಕೇರಿಯ ಮಕ್ಕಳಿಗೆ ಲೋಕದ ರಾಜಕೀಯ ಹೇಳಿಕೊಡಲು ಹೊರಟ ನಾವು ಆ ಪ್ರಶ್ನೆಯಿಂದಲೇ ಶುರುಮಾಡಬೇಕು. ಅದಕ್ಕೆ ಪ್ಯಾರಿಸ್ ಸಾಲದು, ಹೈಟಿಗೆ ಹೋಗಬೇಕು.

ಕೆರಿಬಿಯನ್ ಸಮುದ್ರದ ಆ ನೆಲ ಆಗ ಫ್ರೆಂಚರ ವಸಾಹತು. ಯುರೋಪಿನ ಬಟ್ಟಲಿಗೆ ಬೀಳುತ್ತಿದ್ದ ಸಕ್ಕರೆ, ಕಾಫಿಯ ದೊಡ್ಡ ಪಾಲು ಅಲ್ಲಿನದು. ಬೆಳೆಯುತ್ತಿದ್ದವರು ಸುಮಾರು 5 ಲಕ್ಷ ಗುಲಾಮರು. ಆಫ್ರಿಕಾದಿಂದ ಸರಪಳಿ ಬಿಗಿದು ತಂದವರು, ಅವರ ಮಕ್ಕಳು. 1685ರಲ್ಲಿ ಫ್ರೆಂಚ್ ದೊರೆ ಹೊರಡಿಸಿದ 'ಕಪ್ಪು ಸಂಹಿತೆ' ಅವರನ್ನು ಚರಾಸ್ತಿ ಅಂತ ಬರೆದಿತ್ತು. ಓಡಿಹೋದವರ ಕಿವಿ ಕೊಯ್ಯಬೇಕು ಎಂದಿತ್ತು. ಮನುವನ್ನು ಓದಿದವರಿಗೆ ಇದೇನೂ ಹೊಸ ಭಾಷೆಯಲ್ಲ. ರೂಸೋ 1762ರಲ್ಲಿ 'ಸಾಮಾಜಿಕ ಒಪ್ಪಂದ' ಪ್ರಕಟಿಸಿದಾಗ ಈ ಕಾನೂನು ಜಾರಿಯಲ್ಲಿತ್ತು. ಗುಲಾಮಗಿರಿಗೆ ನ್ಯಾಯವೇ ಇಲ್ಲ ಅಂತ ಆತ ವಾದಿಸಿದ, ನಿಜ. ಆ ಪುಸ್ತಕದಲ್ಲಿ ಈ ಸಂಹಿತೆಯ ಹೆಸರು ಮಾತ್ರ ಎತ್ತಲಿಲ್ಲ.

1789ರ ಘೋಷಣೆ ಆಸ್ತಿಯನ್ನೂ ಪವಿತ್ರ ಹಕ್ಕು ಎಂದಿತು. ತೋಟದ ಧಣಿಗಳಿಗೆ ಅಷ್ಟೇ ಸಾಕಾಯಿತು. ಗುಲಾಮರು ಕಾಯಲಿಲ್ಲ. 1791ರ ಆಗಸ್ಟಿನಲ್ಲಿ ಎದ್ದರು. ಕಬ್ಬಿನ ತೋಟಗಳು ಹೊತ್ತಿ ಉರಿದವು. ಗುಲಾಮನಾಗಿ ಹುಟ್ಟಿದ ತೂಸಾಂ ಲೂವರ್ತೂರ್ ಅವರ ದಂಡನಾಯಕನಾದ. 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ಸಭೆ ಗುಲಾಮಗಿರಿ ರದ್ದು ಮಾಡಿತು. ದಯೆಯಿಂದಲ್ಲ ಸ್ವಾಮಿ, ಅಷ್ಟರಲ್ಲಿ ಗುಲಾಮರೇ ಬಿಡುಗಡೆಯನ್ನು ಕಿತ್ತುಕೊಂಡಾಗಿತ್ತು! 1802ರಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ಮತ್ತೆ ಕಾನೂನಾಗಿ ತಂದ, ಹೈಟಿಗೆ ಸೈನ್ಯ ನುಗ್ಗಿಸಿದ. ಮೋಸದಿಂದ ಹಿಡಿದೊಯ್ದ ತೂಸಾಂ 1803ರಲ್ಲಿ ಫ್ರಾನ್ಸಿನ ಚಳಿಕೋಟೆಯೊಂದರಲ್ಲಿ ಸತ್ತ. ಆದರೆ ಅವನ ಜನ ದೆಸಾಲಿನ್‌ನ ನಾಯಕತ್ವದಲ್ಲಿ ಆ ಸೈನ್ಯವನ್ನು ಮುರಿದರು. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. 1805ರ ಸಂವಿಧಾನ ಹೈಟಿಯವರೆಲ್ಲರಿಗೂ ಇನ್ನು 'ಕಪ್ಪು ಜನ' ಅನ್ನೋದೊಂದೇ ಹೆಸರು ಎಂದಿತು. ಬೈಗುಳವನ್ನೇ ಪೌರತ್ವ ಮಾಡಿಕೊಂಡರು. ದಲಿತರೆಂದು ತಲೆಯೆತ್ತಿ ಹೇಳಿಕೊಂಡ ನಮಗೆ ಅದರ ಬಿಸಿ ಗೊತ್ತು.

1927ರ ಡಿಸೆಂಬರಿನಲ್ಲಿ ಬಾಬಾಸಾಹೇಬರು ಮಹಾಡಿನ ಸಭೆಯನ್ನು 1789ರ ಫ್ರೆಂಚ್ ರಾಷ್ಟ್ರೀಯ ಸಭೆಯ ಜೊತೆಗಿಟ್ಟು ಮಾತಾಡಿದರು. 1954ರಲ್ಲಿ ಆಕಾಶವಾಣಿಯಲ್ಲಿ, ಆ ಮೂರು ಮಾತುಗಳನ್ನು ತಾವು ಫ್ರಾನ್ಸಿನಿಂದ ಪಡೆದದ್ದಲ್ಲ, ಬುದ್ಧನಿಂದ ಪಡೆದದ್ದು ಎಂದರು. ಎರಡನ್ನೂ ಮಕ್ಕಳ ಮುಂದಿಡೋಣ. ಯಾಕೆ ಹೀಗೆ ಅಂತ ಅವರೇ ಜಗಳವಾಡಲಿ.

ಇನ್ನು ಸಾಲದ ಕಥೆ. 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗುಗಳನ್ನು ತಂದು ನಿಲ್ಲಿಸಿ, 15 ಕೋಟಿ ಫ್ರಾಂಕ್ ಪರಿಹಾರ ಕೊಟ್ಟರೆ ಮಾತ್ರ ನಿಮ್ಮನ್ನು ದೇಶವೆಂದು ಒಪ್ಪುತ್ತೇವೆ ಎಂದಿತು. ಪರಿಹಾರ ಯಾರಿಗೆ? ಧಣಿಗಳಿಗೆ! ಕಳೆದುಕೊಂಡ ಆಸ್ತಿಯಲ್ಲಿ ಗುಲಾಮರ ಮೈಯೂ ಸೇರಿತ್ತು. 1838ರಲ್ಲಿ ಅದನ್ನು ಒಟ್ಟು 9 ಕೋಟಿಗೆ ಇಳಿಸಿದರು. ತೀರಿಸಲು ಹೈಟಿ ಫ್ರಾನ್ಸಿನ ಬ್ಯಾಂಕುಗಳಲ್ಲೇ ಸಾಲ ಮಾಡಿತು. ತಾತನ ಸಾಲಕ್ಕೆ ಮೊಮ್ಮಗ ಜೀತಕ್ಕಿದ್ದ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲದ ಮೇಲೆ ಸಾಲವಾಗಿ ಕೊನೆಯ ಕಂತು ಹೋದದ್ದು 1947ರಲ್ಲಿ. ಆ ಎರಡು ಇಸವಿಗಳನ್ನು ಬೋರ್ಡಿನ ಮೇಲೆ ಬರೆದು, ಒಂದರಲ್ಲಿ ಒಂದನ್ನು ಕಳೆಯಲು ಮಕ್ಕಳ ಕೈಗೇ ಸೀಮೆಸುಣ್ಣ ಕೊಡಬೇಕು.