ಕಲ್ಯಾಣ ನಾಡಿನಲ್ಲಿ ವಿದ್ಯಾದಾಸೋಹವೂ ಲೋಕಾಡಳಿತದ ವಿದ್ಯೆಯೂ

ಶ್ರೀಮಠದ ಉತ್ಸವದ ಈ ಶುಭಸಂದರ್ಭದಲ್ಲಿ ಸ್ಮರಣ ಸಂಪುಟಕ್ಕೆ ಒಂದು ಚರಿತ್ರಲೇಖನವನ್ನು ಬರೆದುಕೊಡಬೇಕೆಂದು ಶ್ರೀಗಳವರಿಂದ ಅಪ್ಪಣೆಯಾಯಿತು. ಮಠದ ಪರಂಪರೆಯನ್ನೂ ಪೂಜ್ಯರ ಮಹಿಮೆಯನ್ನೂ ಕುರಿತು ನನಗಿಂತ ಹಿರಿಯರು ಇದೇ ಸಂಪುಟದಲ್ಲಿ ಬರೆಯುತ್ತಿರುವರು. ಆದುದರಿಂದ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿರುವೆನು. ಊರನ್ನೂ ನಾಡನ್ನೂ ಆಳುವ ವಿದ್ಯೆಯನ್ನು ಕಲಿಯುವ ಬಡ ವಿದ್ಯಾರ್ಥಿಗಳಿಗೆ ಹಿಂದಿನವರು ಯಾವ ಬಗೆಯ ನೆರವನ್ನು ಏರ್ಪಡಿಸಿದ್ದರು, ಆ ನೆರವು ಎಲ್ಲಿ ಫಲಿಸಿತು, ಎಲ್ಲಿ ಮುರಿಯಿತು ಎಂಬುದೇ ಆ ವಿಷಯ. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ವಚನಶಾಸ್ತ್ರವನ್ನೂ ಓದಿದ ನನಗೆ ಈ ಉಸಾಬರಿ ಏತಕ್ಕೆಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವು ಲೇಖನದ ಕೊನೆಯಲ್ಲಿ ದೊರೆಯುವದು.

ಹುಮನಾಬಾದ ತಾಲೂಕಿನ ಜಲಸಂಗವಿಯ ದೇವಾಲಯವನ್ನು ನಮ್ಮ ಭಕ್ತರಲ್ಲಿ ಅನೇಕರು ನೋಡಿರುವರು. ಅದರ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆಯು ನಿಂತು ಕಲ್ಲಿನ ಮೇಲೆ ಅಕ್ಷರಗಳನ್ನು ಬರೆಯುತ್ತಿರುವಳು. ಅವಳು ಬರೆಯುತ್ತಿರುವದು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿ. ಆ ದೊರೆಯು 1076ರಿಂದ 1126ರ ವರೆಗೆ ಕಲ್ಯಾಣದಲ್ಲಿ ಆಳಿದನು. ಅವನ ಆಸ್ಥಾನದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳದ ಕಡೆಯನ್ನು ಬಿಟ್ಟರೆ ಭರತಖಂಡದ ಬಹುಭಾಗದಲ್ಲಿ ದಾಯಭಾಗದ ನ್ಯಾಯವು ಶತಮಾನಗಳ ಕಾಲ ಆ ಗ್ರಂಥವನ್ನೇ ಅನುಸರಿಸಿತು. ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ತಾನೇ ಮಾನಸೋಲ್ಲಾಸವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಗ್ರಂಥದ ಮೊದಲ ಭಾಗವು ರಾಜ್ಯವನ್ನು ಪಡೆಯುವ ಉಪಾಯಗಳನ್ನೂ, ಎರಡನೆಯ ಭಾಗವು ಪಡೆದ ರಾಜ್ಯವನ್ನು ಸ್ಥಿರಗೊಳಿಸುವ ಕ್ರಮವನ್ನೂ ಹೇಳುವದು. ಅಮಾತ್ಯರು, ಬೊಕ್ಕಸ, ಕೋಟೆ, ತೆರಿಗೆ ಇವೆಲ್ಲವೂ ಅಲ್ಲಿ ವಿಚಾರಕ್ಕೆ ಬಂದಿವೆ. ಇಂದು ವಿಶ್ವವಿದ್ಯಾಲಯಗಳು ಸಾರ್ವಜನಿಕ ನೀತಿ, ನಗರನೀತಿ ಎಂದು ಹೆಸರಿಟ್ಟು ಕಲಿಸುವ ವಿದ್ಯೆಯು ನಮಗೆ ಪರದೇಶದ್ದಲ್ಲ. ಅದು ಒಂದು ಕಾಲಕ್ಕೆ ನಮ್ಮ ಕಲ್ಯಾಣದ ಮನೆಯ ವಿದ್ಯೆಯಾಗಿದ್ದಿತು.

ವಿದ್ಯೆಯು ತಾನಾಗಿ ಬೆಳೆಯುವದಿಲ್ಲ. ಕಲಿಯುವವನಿಗೆ ಅನ್ನವೂ ಆಶ್ರಯವೂ ಬೇಕು. ಇಂಡಿ ತಾಲೂಕಿನ ಸಾಲೋಟಗಿಯ ಶಾಸನವು 945ನೆಯ ಇಸವಿಯದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕಾಗಿ ಅಲ್ಲಿ 27 ಮನೆಗಳಿದ್ದವು. ದೀಪದ ಎಣ್ಣೆಗೆಂದೇ 12 ನಿವರ್ತನ ಭೂಮಿಯನ್ನು ಬಿಟ್ಟಿದ್ದರು. ರಾತ್ರಿಯಲ್ಲಿ ಓದುವ ಹುಡುಗನಿಗೆ ಬೆಳಕು ಬೇಕೆಂಬುದನ್ನು ಕೂಡ ಆ ದಾನಿಗಳು ಮರೆಯಲಿಲ್ಲ! ಇದಕ್ಕಿಂತ ಹೆಚ್ಚಿನ ಸಂಗತಿಯೊಂದುಂಟು. ಊರವರೂ ತಮ್ಮ ಪಾಲನ್ನು ಒಪ್ಪಿಕೊಂಡಿದ್ದರು. ಮನೆಯಲ್ಲಿ ಮದುವೆಯಾದರೆ 5 ನಾಣ್ಯಗಳನ್ನು, ಉಪನಯನವಾದರೆ ಅದರರ್ಧವನ್ನು ಶಾಲೆಗೆ ಸಲ್ಲಿಸುವದೆಂದು ಕಟ್ಟಳೆಯಾಯಿತು. ಕಲಬುರ್ಗಿ ಸೀಮೆಯ ನಾಗಾವಿಯ ಘಟಿಕಾಸ್ಥಾನದ ಶಾಸನವು 1058ನೆಯ ಇಸವಿಯದು. ಅಲ್ಲಿ ವೇದವನ್ನೋದುವ 200 ವಿದ್ಯಾರ್ಥಿಗಳಿಗೂ ಶಾಸ್ತ್ರವನ್ನೋದುವ ಇತರರಿಗೂ ಅನ್ನವಸ್ತ್ರಗಳ ಏರ್ಪಾಡಿದ್ದಿತು. ಗ್ರಂಥಗಳನ್ನು ಕಾಯುವದಕ್ಕಾಗಿ ಸರಸ್ವತೀಭಂಡಾರಿಗರು ಆರು ಮಂದಿ ಇದ್ದರು.

ಆದರೆ ಸತ್ಯವನ್ನು ಮರೆಮಾಚಬಾರದು. ಆ ಘಟಿಕೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಕುಲವು ಒಪ್ಪಿದವನಿಗೆ ಅನ್ನವೂ ದೀಪವೂ ದೊರೆಯುತ್ತಿದ್ದವು. ಉಳಿದವರು ಹೊರಗೆ ನಿಲ್ಲುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣರು ಅದೇ ಕಲ್ಯಾಣದಲ್ಲಿ ಆ ಬಾಗಿಲನ್ನು ತೆರೆದರು. ಮಡಿವಾಳ, ಅಂಬಿಗ, ಮಾದಾರ, ಹೆಣ್ಣು, ಗಂಡು ಎಂಬ ಭೇದವಿಲ್ಲದೆ ಅನುಭವಗೋಷ್ಠಿಯಲ್ಲಿ ಎಲ್ಲರಿಗೂ ಮಾತಿನ ಅಧಿಕಾರ ದೊರೆಯಿತು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದನ್ನು ನಾವು ಭಕ್ತಿಯಿಂದ ಸ್ಮರಿಸುವೆವು. ಆದರೆ ಅದರ ಅರ್ಥವನ್ನು ಅಷ್ಟಾಗಿ ವಿಚಾರಿಸುವದಿಲ್ಲ. ಬೊಕ್ಕಸದ ಲೆಕ್ಕವನ್ನು ಶುದ್ಧವಾಗಿ ಇಡುವದೂ ಒಂದು ಕಾಯಕವೇ. ಲೋಕದ ಆಡಳಿತವು ಶರಣಧರ್ಮಕ್ಕೆ ಹೊರಗಿನದೆಂದು ನಮ್ಮ ಹಿರಿಯರು ಎಂದೂ ತಿಳಿಯಲಿಲ್ಲ.

ಮುಂದೆ ಕಾಲವು ಬದಲಾಯಿತು. ಕಲ್ಯಾಣವು ಕಲ್ಯಾಣಿಯೆಂಬ ಜಹಗೀರಿಯಾಗಿ ನವಾಬರ ಕೈಯಲ್ಲಿ ಉಳಿಯಿತು. ನಮ್ಮ ಸೀಮೆಯೆಲ್ಲವೂ ನಿಜಾಮರ ರಾಜ್ಯಕ್ಕೆ ಸೇರಿತು. ಆ ರಾಜ್ಯದಲ್ಲಿ ವಿದ್ಯಾರ್ಥಿವೇತನಗಳೇ ಇರಲಿಲ್ಲವೆಂದು ಹೇಳಲಾಗದು. 1895ರಲ್ಲಿ ಸರೋಜಿನಿ ನಾಯಿಡು ಅವರು ನಿಜಾಮರ ವೇತನದಿಂದಲೇ ಇಂಗ್ಲಂಡಕ್ಕೆ ಹೋಗಿ ಲಂಡನ್ನಿನಲ್ಲಿಯೂ ಕೇಂಬ್ರಿಜ್ಜಿನಲ್ಲಿಯೂ ಓದಿದರು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಆದರೆ ಅಲ್ಲಿಯ ಬೋಧನಭಾಷೆಯು ಉರ್ದು. ರಾಜಧಾನಿಯಲ್ಲಿ ಬೆಳೆದವರಿಗೆ ಆ ಬಾಗಿಲು ಹತ್ತಿರವಾಗಿದ್ದಿತು. ಕನ್ನಡವೊಂದನ್ನೇ ಬಲ್ಲ ಹಳ್ಳಿಯ ಒಕ್ಕಲಿಗನ ಮಗನಿಗೆ ಅದು ಬಹುದೂರವಾಗಿದ್ದಿತು. ಇಂಥ ಕಾಲದಲ್ಲಿ ಭಾಲ್ಕಿಯ ಲಿಂಗೈಕ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದನ್ನು ನಮ್ಮ ಜಿಲ್ಲೆಯಲ್ಲಿ ಅರಿಯದವರಿಲ್ಲ. ಅವರು ಅಕ್ಷರವನ್ನು ಉಳಿಸಿಕೊಟ್ಟರು. ಉಚ್ಚವಿದ್ಯೆಗೆ ಬೇಕಾದ ದ್ರವ್ಯಬಲವು ಆಗ ಈ ಸೀಮೆಯಲ್ಲಿ ಯಾರ ಕೈಯಲ್ಲಿಯೂ ಇರಲಿಲ್ಲ.

ಒಂದು ವಿದ್ಯಾರ್ಥಿವೇತನವು ಒಂದು ನಗರಕ್ಕೆ ಏನು ಮಾಡಬಲ್ಲದೆಂಬುದಕ್ಕೆ ಅದೇ ಹೈದರಾಬಾದೇ ಸಾಕ್ಷಿ. 1908ರ ಸೆಪ್ಟೆಂಬರದಲ್ಲಿ ಮೂಸಿ ನದಿಯು ಉಕ್ಕಿ ಸಹಸ್ರಾರು ಜೀವಗಳನ್ನು ಕೊಚ್ಚಿಕೊಂಡು ಹೋಯಿತು. ಮರುವರ್ಷ ನಿಜಾಮ ಸರಕಾರವು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು. ತಂದೆಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡ ಆ ಮುದ್ದೇನಹಳ್ಳಿಯ ಹುಡುಗನು ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದವರು. ನದಿಯ ಮೇಲ್ಗಡೆಯಲ್ಲಿ ಜಲಾಶಯಗಳನ್ನು ಕಟ್ಟಬೇಕೆಂದೂ ನಗರಕ್ಕೆ ಒಳಚರಂಡಿಯ ವ್ಯವಸ್ಥೆ ಬೇಕೆಂದೂ ಅವರು ಯೋಜನೆಯನ್ನು ಬರೆದುಕೊಟ್ಟರು. ಅದರಂತೆ 1920ರಲ್ಲಿ ಉಸ್ಮಾನಸಾಗರವೂ 1927ರಲ್ಲಿ ಹಿಮಾಯತಸಾಗರವೂ ಸಿದ್ಧವಾದವು. ಮೈಸೂರು ಕೊಟ್ಟ ಅಲ್ಪಧನವು ಮೂವತ್ತು ವರ್ಷಗಳ ತರುವಾಯ ಮತ್ತೊಂದು ರಾಜ್ಯದ ಜನರ ಪ್ರಾಣವನ್ನು ಕಾಯಿತು.

ಗಡಿಯ ಆಚೆ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ನಮ್ಮ ಸಮಾಜದವರು ಬೇಗನೆ ಎಚ್ಚತ್ತರು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿತು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು ಬಡ ವಿದ್ಯಾರ್ಥಿಗಳ ಸಹಾಯಕ್ಕಾಗಿ ದ್ರವ್ಯವನ್ನು ಕೂಡಿಸಿದರು. 1904ರಲ್ಲಿ ಧಾರವಾಡದಲ್ಲಿ ಜರುಗಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾದ ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೃತ್ಯುಪತ್ರದ ಮೂಲಕ ಬಿಟ್ಟುಹೋದರು. ಆ ನಿಧಿಯ ನೆರವಿನಿಂದ ಓದಿದವರು ಅನೇಕರು. ಆ ತಲೆಮಾರಿನಲ್ಲಿ ಗೋಕಾಕ ಸೀಮೆಯ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಗಣಿತವನ್ನೋದಿ ಬಂದು ಮುಂಬಯಿ ಪ್ರಾಂತದ ಶಿಕ್ಷಣ ನಿರ್ದೇಶಕರೂ, 1954ರಿಂದ 1967ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳೂ, ಬಳಿಕ ಪಂಜಾಬದ ರಾಜ್ಯಪಾಲರೂ ಆದರು. ಅವರ ಹೆಸರಿನ ಫೆಲೋಶಿಪ್ಪಿನಿಂದ ಕರ್ನಾಟಕದ ವಿದ್ವಾಂಸರು ಕೇಂಬ್ರಿಜ್ಜಿಗೆ ಹೋಗಿ ಅಭ್ಯಾಸ ಮಾಡಿಬಂದಿರುವರು. ಪಡೆದವನ ಹೆಸರಿನಲ್ಲಿಯೇ ಕೊಡುವ ನಿಧಿಯು ಹುಟ್ಟುವದಾದರೆ ದಾಸೋಹವು ಪೂರ್ಣವಾಯಿತೆಂದು ತಿಳಿಯಬೇಕು.

ಇನ್ನು ಮುರಿದ ನೆರವಿನ ಕಥೆಯೊಂದನ್ನು ಹೇಳಬೇಕು. 1913ರಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರು ಡಾಕ್ಟರ ಅಂಬೇಡಕರರನ್ನು ವಿದ್ಯಾರ್ಥಿವೇತನ ಕೊಟ್ಟು ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿದರು. ಅಲ್ಲಿ ಅವರು ಓದಿದ್ದು ನಮ್ಮ ಈ ವಿಷಯವನ್ನೇ: ಸರಕಾರದ ಹಣಕಾಸು, ಪ್ರಾಂತಗಳ ಆದಾಯ, ಕಂಪನಿ ಸರಕಾರದ ಆಡಳಿತ. ಮುಂದೆ ಲಂಡನ್ನಿನಲ್ಲಿ ಓದುತ್ತಿರುವಾಗ ವೇತನದ ಅವಧಿಯು ತೀರಿತು; 1917ರಲ್ಲಿ ಅಭ್ಯಾಸವನ್ನು ನಡುವೆಯೇ ಬಿಟ್ಟು ಮರಳಬೇಕಾಯಿತು. ಕರಾರಿನಂತೆ ಬಡೋದೆಯಲ್ಲಿ ಸೇವೆಗೆ ನಿಂತರೆ ಅಲ್ಲಿ ಅವರಿಗೆ ವಾಸಕ್ಕೊಂದು ಮನೆಯೂ ಸಿಗಲಿಲ್ಲ. ಪಾರಸಿ ವಸತಿಗೃಹದಿಂದ ಅವರನ್ನು ಹೊರಹಾಕಿದರು. ಅಷ್ಟು ದೊಡ್ಡ ಪಂಡಿತನು ಒಂದು ಮರದ ಕೆಳಗೆ ಕುಳಿತು ಅತ್ತನು. ಕೊಲ್ಲಾಪುರದ ಶಾಹೂ ಮಹಾರಾಜರ ನೆರವಿನಿಂದಲೂ ತಾವೇ ಉಳಿಸಿದ ಹಣದಿಂದಲೂ 1920ರಲ್ಲಿ ಅವರು ಪುನಃ ಲಂಡನ್ನಿಗೆ ಹೋಗಿ ವ್ಯಾಸಂಗವನ್ನು ಮುಗಿಸಿದರು. ಧನವನ್ನು ಕೊಟ್ಟು ಮಾನವನ್ನು ಕೊಡದಿದ್ದರೆ ವಿದ್ಯಾದಾನವು ಅರ್ಧದಾನವೇ ಸರಿ.

ಈಗ ನಮ್ಮ ನಾಡಿನ ಮಾತಿಗೆ ಬರುವೆನು. 1948ರಲ್ಲಿ ನಿಜಾಮರ ಆಳ್ವಿಕೆಯು ಕೊನೆಗೊಂಡಿತು. 1949ರಲ್ಲಿ ಜಹಗೀರುಗಳು ರದ್ದಾದವು. 1956ರಲ್ಲಿ ಬೀದರ ಜಿಲ್ಲೆಯು ಕನ್ನಡ ರಾಜ್ಯವನ್ನು ಸೇರಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪುರಾಡಳಿತ ಸಂಸ್ಥೆಗಳಿಗೆ ವಹಿಸಬಹುದಾದ 18 ಕಾರ್ಯಗಳನ್ನು ಹೆಸರಿಸಿತು. ನಗರಯೋಜನೆ, ನೀರು, ರಸ್ತೆ, ನೈರ್ಮಲ್ಯ, ಕೊಳಗೇರಿಗಳ ಸುಧಾರಣೆ ಇವು ಅವುಗಳಲ್ಲಿ ಸೇರಿವೆ. 2002ರಲ್ಲಿ ಡಾಕ್ಟರ ನಂಜುಂಡಪ್ಪನವರ ಸಮಿತಿಯು ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಎಣಿಸಿತು. ನಮ್ಮ ಜಿಲ್ಲೆಗೂ ಆ ಪಟ್ಟಿಯಲ್ಲಿ ಪಾಲು ದೊರೆಯಿತು. ತರುವಾಯ ಸಂವಿಧಾನಕ್ಕೆ ಸೇರಿದ 371ಜೆ ಎಂಬ ವಿಧಿಯಿಂದ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಮೀಸಲು ಸ್ಥಾನಗಳು ಬಂದವು. ಸಾರ್ವಜನಿಕ ನೀತಿಯ ಅಭ್ಯಾಸಕ್ಕೂ ದಾರಿಗಳು ತೆರೆದಿವೆ. ಬೆಂಗಳೂರಿನಲ್ಲಿ 1972ರಿಂದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯಿರುವದು; ಅಲ್ಲಿ ಸಂಶೋಧಕರಿಗೆ ಫೆಲೋಶಿಪ್ಪುಗಳುಂಟು. ಅಲ್ಲಿಯ ರಾಷ್ಟ್ರೀಯ ಕಾನೂನು ಶಾಲೆಯು 2014ರಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ವರ್ಗವನ್ನು ಆರಂಭಿಸಿತು. ಹೀಗೆ ಶಾಸನವು ಅಧಿಕಾರವನ್ನು ಕೊಟ್ಟಿತು, ವಿಧಿಯು ಸ್ಥಾನವನ್ನು ಕೊಟ್ಟಿತು. ಆದರೆ ಬೆಂಗಳೂರಿನ ಶುಲ್ಕವನ್ನೂ ಊಟವಸತಿಯ ವೆಚ್ಚವನ್ನೂ ಕೊಡುವವರು ಯಾರು?

ಈ ಪ್ರಶ್ನೆಯು ನನ್ನನ್ನು ಬಾಧಿಸುವದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಪ್ರಸಾದನಿಲಯದಲ್ಲಿದ್ದು ಬಿ. ಎ. ಮುಗಿಸಿದ ಒಬ್ಬ ಹುಡುಗನು ನನ್ನ ಬಳಿಗೆ ಬಂದನು. ಹುಮನಾಬಾದದ ಕಡೆಯ ಕೂಲಿಕಾರನ ಮಗ. ನಗರಾಡಳಿತವನ್ನು ಓದುವ ವರ್ಗದಲ್ಲಿ ಅವನಿಗೆ ಸ್ಥಾನ ದೊರೆತಿದ್ದಿತು. ಮೊದಲ ವರ್ಷದ ಹಣವು ಮಾತ್ರ ಇರಲಿಲ್ಲ. ನಾನು ಲೆಕ್ಕದ ಪುಸ್ತಕವನ್ನು ತೆಗೆದು ನೋಡಿದೆನು. ಜಾತ್ರೆ, ರಥ, ಶಿಲಾಮಂಟಪ, ಅನ್ನದಾಸೋಹ, ವೈದ್ಯಕೀಯ ವಿದ್ಯಾರ್ಥಿಗಳ ನೆರವು ಇವೆಲ್ಲಕ್ಕೂ ಬಾಬುಗಳಿದ್ದವು. ಅವನ ವಿದ್ಯೆಗೆ ಬಾಬು ಇರಲಿಲ್ಲ. "ಇದನ್ನೋದಿ ಏನು ಮಾಡುವೆಯಪ್ಪಾ?" ಎಂದು ಕೇಳಿದೆನು. "ನಮ್ಮ ಓಣಿಗೆ ನೀರು ಏಕೆ ಬರುವದಿಲ್ಲ ಎಂಬುದನ್ನು ತಿಳಿಯಬೇಕು, ಅಪ್ಪಾರೇ" ಎಂದನು. ನಾನು ನಕ್ಕು ಅವನನ್ನು ಕಳುಹಿಬಿಟ್ಟೆನು. ಅವನು ಹೈದರಾಬಾದದಲ್ಲಿ ಒಂದು ಗೋದಾಮಿನ ಗುಮಾಸ್ತನಾದನೆಂದು ಆಮೇಲೆ ಕೇಳಿದೆನು. ಶ್ರೀಗಳವರ ವರೆಗೆ ಆ ಮಾತನ್ನು ಒಯ್ಯದೆ ಹೋದ ತಪ್ಪು ನನ್ನದು. ಭಂಡಾರಿ ಬಸವಣ್ಣನವರ ಹೆಸರನ್ನು ದಿನವೂ ಹೇಳುವವನು ಆ ವಿದ್ಯೆಯನ್ನು ಅನುಪಯುಕ್ತವೆಂದು ತಿಳಿದೆನಲ್ಲಾ! ಈ ಲೇಖನವು ಆ ತಪ್ಪಿಗೆ ಅಲ್ಪ ಪ್ರಾಯಶ್ಚಿತ್ತ.

ಆದುದರಿಂದ ಉತ್ಸವನಿಧಿಯ ಒಂದಂಶವನ್ನು ಲೋಕಾಡಳಿತದ ವಿದ್ಯೆಯನ್ನೋದುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ತೆಗೆದಿರಿಸಬೇಕೆಂದು ಶ್ರೀಗಳವರ ಪಾದಗಳಲ್ಲಿಯೂ ಭಕ್ತಸಮುದಾಯದಲ್ಲಿಯೂ ಅರಿಕೆ ಮಾಡಿಕೊಳ್ಳುವೆನು. ಚರಿತ್ರೆಯು ಕಲಿಸಿದ ನಾಲ್ಕು ಮಾತುಗಳು ಅದರ ಕಟ್ಟಳೆಯಲ್ಲಿ ಇರಲಿ. ಮೊದಲನೆಯದು, ವ್ಯಾಸಂಗವು ಮುಗಿಯುವ ವರೆಗೆ ವೇತನವು ನಡುವೆ ನಿಲ್ಲಬಾರದು. ಎರಡನೆಯದು, ಶುಲ್ಕವಷ್ಟೇ ಸಾಲದು. ಸಾಲೋಟಗಿಯವರಂತೆ ಮನೆಯನ್ನೂ ದೀಪವನ್ನೂ ನೆನೆಯಬೇಕು. ಮೂರನೆಯದು, ಲಿಂಗರಾಜರ ಕಾಲಕ್ಕೆ ಸಮಾಜದ ಮಕ್ಕಳಿಗೆಂದು ನಿಧಿಯನ್ನು ಕಟ್ಟುವದು ಯೋಗ್ಯವಾಗಿದ್ದಿತು. ಇಂದು ಬಸವಣ್ಣನವರ ಹೆಸರಿನಲ್ಲಿ ಕೊಡುವ ವೇತನಕ್ಕೆ ಜಾತಿಯನ್ನು ಕೇಳಬಾರದು, ಹೆಣ್ಣುಮಕ್ಕಳಿಗೆ ಸಮಪಾಲು ಇರಬೇಕು. ನಾಲ್ಕನೆಯದು, ಪಡೆದವರು ಕೆಲಕಾಲವಾದರೂ ಬಸವಕಲ್ಯಾಣ ಹುಮನಾಬಾದಗಳ ಪುರಾಡಳಿತದ ಕೆಲಸಕ್ಕೆ ತಮ್ಮ ವಿದ್ಯೆಯನ್ನು ಸಲ್ಲಿಸಬೇಕು. ಅವರು ಬಂದಾಗ ನಾವು ಮನೆಯನ್ನೂ ಮಾನವನ್ನೂ ಕೊಡಬೇಕು. ನಿಧಿಗೆ ದೊಡ್ಡ ದಾನಿಗಳನ್ನೇ ಕಾಯಬೇಕಾಗಿಲ್ಲ. ಮದುವೆಯ ಮನೆಯಿಂದ ಒಂದು ಪಾಲನ್ನು ಸಲ್ಲಿಸುವ ಪದ್ಧತಿಯನ್ನು ಕನ್ನಡಿಗರು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಕೆತ್ತಿಸಿರುವರು.

ಜಲಸಂಗವಿಯ ಬಾಲಿಕೆಯು ಇಂದಿಗೂ ಬರೆಯುತ್ತ ನಿಂತಿರುವಳು. ಅವಳ ಊರಿನ ಒಬ್ಬ ಮಗಳು ಊರಿನ ನೀರಿನ ಯೋಜನೆಯನ್ನು ತಾನೇ ಓದಿ, ತಾನೇ ತಿದ್ದಿ, ತಾನೇ ಬರೆಯುವ ದಿನವನ್ನು ನೋಡುವ ಭಾಗ್ಯವು ನಮಗೆ ದೊರೆಯಲಿ. ಶ್ರೀಮಠದ ಉತ್ಸವವು ಆಗ ಸಾರ್ಥಕವಾಗುವದು. ಶರಣು ಶರಣಾರ್ಥಿ.